ಖಾನಾಪುರಕ್ಕೆ ಒಯ್ಯುತ್ತಿದ್ದ ಡಬ್ಬಿ

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್, ಟಿಕ್.

ಬೆಳಗಾವಿಯಿಂದ ಹೊರಟ ಬಸ್ಸು ಉದ್ಯಮಬಾಗ ದಾಟಿ, ರಸ್ತೆ ಕೆಟ್ಟಿದ್ದ ಕಡೆ ಕುಲುಕಿದಾಗಲೆಲ್ಲ ನನ್ನ ಎದೆಯ ಮೇಲೆ, ಸೆರಗಿನ ಒಳಗೆ, ಈ ಸದ್ದಾಗುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ದೊಡ್ಡದಲ್ಲ. ನನಗೆ ಮಾತ್ರ. ಕುಂಕುಮದ ಭರಣಿಯಷ್ಟು ಅಗಲದ ಹಿತ್ತಾಳೆ ಡಬ್ಬಿ, ಒಳಮೈಗೆ ಚಿನ್ನದ ನೀರು ಕುಡಿಸಿದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಪಿಕ್ಸ್ ಅನ್ನುತ್ತಾರೆ. ಅದನ್ನು ಒಂದು ಚಿಕ್ಕ ಚೀಲದಲ್ಲಿಟ್ಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಒಳಗೆ ಉಪ್ಪಿಲ್ಲದ, ಹುಳಿಯಿಲ್ಲದ ಗೋಧಿ ಹಿಟ್ಟಿನ ತೆಳ್ಳನೆಯ ಒಂದು ಬಿಲ್ಲೆ. ಪೂಜೆಯಲ್ಲಿ ಅರ್ಪಣೆಯಾದ ಮೇಲೆ ನಾವು ಕಥೋಲಿಕರು ಅದನ್ನು ಪರಮಪ್ರಸಾದ ಎನ್ನುತ್ತೇವೆ. ಅದು ಪ್ರಭುವಿನ ಗುರುತಲ್ಲ, ಪ್ರಭುವೇ ಎಂದು ನಂಬುತ್ತೇವೆ. ಒಂದೇ ಬಿಲ್ಲೆ ಇದ್ದದ್ದರಿಂದ ಅದು ಡಬ್ಬಿಯೊಳಗೆ ಅಲ್ಲಾಡುತ್ತಿತ್ತು. ಟಿಕ್.

ಆ ಸದ್ದು ಕೇಳಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಭಕ್ತಿಯ ಭಯ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆದರೆ ಅದು ಅಂಥ ಭಯ ಆಗಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಶಾಲೆಯಿಂದ ರಿಟೈರ್ ಆಗಿ ಶಿವಬಸವ ನಗರದ ಒಂದು ಬಾಡಿಗೆ ಮನೆಯಲ್ಲಿದ್ದೆ. ಚರ್ಚಿಗೆ ಬರಲಾಗದ ರೋಗಿಗಳ ಮನೆಗೆ ಪ್ರಸಾದ ಒಯ್ಯಲು ನಮ್ಮ ಧರ್ಮಕೇಂದ್ರದಲ್ಲಿ ಕೆಲವರನ್ನು ಆರಿಸಿ ಟ್ರೇನಿಂಗ್ ಕೊಟ್ಟಿದ್ದರು. ಅವರಲ್ಲಿ ನಾನೂ ಒಬ್ಬಳು. ಖಾನಾಪುರದಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜ ಇದ್ದರು. ಅಲ್ಲಿಗೆ ಫಾದರ್ ಹೋಗುವುದು ತಿಂಗಳಿಗೊಮ್ಮೆ. ಅಜ್ಜನಿಗೆ ವಾರವಾರವೂ ಬೇಕು ಎಂದು ಮನೆಯವರು ಹೇಳಿಕಳಿಸಿದ್ದರು.

“ಟೀಚರ್, ನೀವು ಹೋಗ್ತೀರಾ?” ಎಂದು ಫಾದರ್ ಕೇಳಿದರು. ಹೂಂ ಅಂದೆ. ಇಲ್ಲ ಎನ್ನಬೇಕಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಮತ್ತು ಆ ಕಾರಣವನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಆ ಹೊತ್ತಿಗೆ ನನ್ನೊಳಗೆ ಪ್ರಾರ್ಥನೆ ನಿಂತುಹೋಗಿ ಬಹಳ ದಿನವಾಗಿತ್ತು. ಯಾಕೆ ಎಂದರೆ ಇವತ್ತಿಗೂ ಗೊತ್ತಿಲ್ಲ. ಯಾರೂ ಸತ್ತಿರಲಿಲ್ಲ, ದೇವರ ಮೇಲೆ ಸಿಟ್ಟಿರಲಿಲ್ಲ. ಜಪಸರ ಹಿಡಿಯುತ್ತಿದ್ದೆ, ಪೂಜೆಗೆ ಹೋಗುತ್ತಿದ್ದೆ, ಬೆಳಗಿನ ಬೈಬಲ್ ಪಾಠ ಓದುತ್ತಿದ್ದೆ. ಹಲ್ಲುಜ್ಜಿದ ಹಾಗೆ ಎಲ್ಲ ಮಾಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇದಕ್ಕೆ ‘ಡ್ರೈನೆಸ್’ ಎಂದು ಹೆಸರಿಟ್ಟು ಪಾಠ ಮಾಡಿದ್ದರು. ಹುಡುಗಿಯರಾಗಿದ್ದಾಗ ಆ ಶಬ್ದ ಎಷ್ಟು ನೀಟಾಗಿ ಕೇಳುತ್ತಿತ್ತು, ಒಗೆದು ಒಣಗಿಸಿ ಇಸ್ತ್ರಿ ಮಾಡಿಟ್ಟ ಯೂನಿಫಾರ್ಮಿನ ಹಾಗೆ. ನನ್ನ ಪಾಲಿಗೆ ಬಂದಾಗ ಹಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಎಂದು ನಂಬಿ ಇಷ್ಟು ವರ್ಷ ಗೋಡೆಯ ಈಚೆಯಿಂದ ಮಾತಾಡುತ್ತ ಬಂದು, ಒಂದು ದಿನ ಎದ್ದು ಹೋಗಿ ನೋಡಿದರೆ ಆ ಕೋಣೆಗೆ ಬೀಗ. ಯಾವಾಗಿನಿಂದ ಬೀಗ ಬಿದ್ದಿದೆಯೋ ಗೊತ್ತಿಲ್ಲ. ಹಾಗಿತ್ತು. ಬಿಟ್ಟುಬಿಡಲು ಇನ್ನೂ ಹೆದರಿಕೆ. ಬಿಟ್ಟರೆ ಬೀಗ ನಾನೇ ಹಾಕಿದ ಹಾಗಾಗುತ್ತದಲ್ಲ ಎಂದು.

ಕೆಲಸದ ಕ್ರಮ ಹೀಗಿತ್ತು. ಬೆಳಗಿನ ಪೂಜೆ ಮುಗಿದ ಮೇಲೆ, ಬಲಿಪೀಠದ ಹಿಂದಿನ ಸಾಮಾನಿನ ಕೋಣೆಯಲ್ಲಿ, ಅದಕ್ಕೆ ಸ್ಯಾಕ್ರಿಸ್ಟಿ ಅನ್ನುತ್ತಾರೆ, ಮೇಜಿನ ಮೇಲೆ ನನ್ನ ಡಬ್ಬಿ ಇಡಬೇಕು. ಫಾದರ್ ಪ್ರಸಾದ ತಂದು ಅದರೊಳಗಿಟ್ಟು ಮುಚ್ಚಳ ಹಾಕುತ್ತಾರೆ. ಮುಚ್ಚಳ ಬಿದ್ದ ಮೇಲೆ ನನಗೆ ಮಾತಿಲ್ಲ. ದಾರಿಯಲ್ಲಿ ಎಲ್ಲೂ ನಿಲ್ಲುವಂತಿಲ್ಲ, ಬಜಾರ ಇಲ್ಲ, ಹರಟೆ ಇಲ್ಲ. ಕೈ ಎದೆಯ ಮೇಲೆ, ಮನಸ್ಸು ಪ್ರಭುವಿನ ಮೇಲೆ. ಮಾತಿನ ವಿಷಯದಲ್ಲಿ ಫಾದರ್ ಅಷ್ಟು ಕಟ್ಟುನಿಟ್ಟಿರಲಿಲ್ಲ. ಅದು ನಾನು ಕಾನ್ವೆಂಟಿನಿಂದ ತಂದ ಪಟ್ಟು.

ಮೊದಲ ವಾರವೇ ಫಜೀತಿಯಾಯಿತು. ಬಸ್ಸಿನಲ್ಲಿ ನನ್ನ ಬಾಜು ಒಬ್ಬ ದಪ್ಪನೆಯ ಹೆಂಗಸು ಬಂದು ಕೂತಳು. ನನ್ನ ಕೈಯಲ್ಲಿ ಓದಿದ ಯಾವುದೋ ಹುಡುಗಿಯ ತಾಯಿ. ಎಲ್ಲಿಗೆ ಹೊರಟಿರಿ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಎದೆ ಹಿಡಿದುಕೊಂಡು ನಕ್ಕೆ. ಕನ್ನಡದಲ್ಲಿ ಕೇಳಿದಳು. ಮತ್ತೆ ನಕ್ಕೆ. ಹೆದರಿದವರ ನಗು ಹೇಗಿರುತ್ತದೋ ಹಾಗಿದ್ದಿರಬೇಕು. ಅವಳು ನನ್ನ ಹಣೆ ಮುಟ್ಟಿ ನೋಡಿ ಕೂಗಿಕೊಂಡಳು: “ಅಯ್ಯ ಕಂಡಕ್ಟರ್ ಸಾಹೇಬ್ರ, ಇವರಿಗೆ ಎದಿ ನೋವು ಬಂದೈತಿ, ಮಾತs ಬರವಲ್ದು!”

“ಏ ಡ್ರೈವರ್, ಹೋಲ್ಡಾನ್!” ಎಂದು ಕಂಡಕ್ಟರ್ ಹಗ್ಗ ಜಗ್ಗಿದ. ಬಸ್ಸು ನಿಂತೇಬಿಟ್ಟಿತು. “ಅಕ್ಕೋರ, ಸಿವಿಲ್ ಹಾಸ್ಪಿಟಲ್‌ಗೆ ಹೊಳ್ಳಸೂಣೇನ್ರಿ? ಗೋಣರೆ ಅಲ್ಲಾಡಸ್ರಿ!”

ಬಾಯಿ ಬಿಡಲೇಬೇಕಾಯಿತು. “ನನಗೇನೂ ಆಗಿಲ್ರಿ. ದೇವರನ್ನ ಒಯ್ಯಾಕತ್ತೀನಿ” ಅಂದೆ.

ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ದೇವರಿಗೆ ಟಿಕೀಟ್ ಬ್ಯಾಡ ಬಿಡ್ರಿ” ಅಂದ. ಇಡೀ ಬಸ್ಸು ನಕ್ಕಿತು. ಮುಂದಿನ ವಾರದಿಂದ ಅವನ ಬಸ್ಸು ಸಿಕ್ಕಾಗಲೆಲ್ಲ ನನಗೆ ಮುಂದಿನ ಸೀಟು ಮೀಸಲು. “ಏ ಸರೀರಿ, ಅಕ್ಕೋರ ದೇವ್ರ ತಂದಾರ” ಎಂದು ಜನರನ್ನು ಎಬ್ಬಿಸುತ್ತಿದ್ದ. ಜನ ಎದ್ದು ಕೈಮುಗಿದು ಜಾಗ ಬಿಡುತ್ತಿದ್ದರು. ಅವರೆಲ್ಲರಿಗೂ ಡಬ್ಬಿಯೊಳಗೆ ಯಾರಿದ್ದಾರೆ ಎಂಬ ಬಗ್ಗೆ ಸಂಶಯ ಇರಲಿಲ್ಲ. ಹೊತ್ತವಳಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ. ಒಣ ರೊಟ್ಟಿ ತಗಡಿಗೆ ಬಡಿಯುವ ಸದ್ದು, ಅಷ್ಟೆ. ಬಸ್ಸಿನ ಕಿಟಕಿಯಾಚೆ ನೋಡುತ್ತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ: ಇದಿಷ್ಟೇ ಆಗಿದ್ದರೆ?

ಅಜ್ಜ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ ಮಾಡಿದವರು. ಬೆಂಕಿಯ ಮುಂದೆ ನಿಂತು ನಿಂತು ಪುಪ್ಪುಸ ಹೋಗಿತ್ತು. ಒಂದು ಕಾಲಕ್ಕೆ ಅಲ್ಲಿನ ನಾಲ್ಕಾರು ಕಥೋಲಿಕ ಮನೆಗಳಿಗೆ ಅವರೇ ಪ್ರಾರ್ಥನೆಯ ಮುಂದಾಳು. ಮಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಅಜ್ಜನನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ. ಹತ್ತಿರದ ಬೀಡಿ ಎಂಬ ಊರಿನ ರೈತರ ಮನೆಯ ಹುಡುಗಿ, ಲವ್ ಮ್ಯಾರೇಜ್. ಅವಳು ನಮ್ಮ ಧರ್ಮಕ್ಕೆ ಸೇರಿದವಳಲ್ಲ. ಹಣೆಗೆ ಕುಂಕುಮ, ಅಡಿಗೆಮನೆಯಲ್ಲಿ ಅವಳ ತವರಿನ ದೇವರ ಫೋಟೋ.

ಮೊದಲ ದಿನ ನಾನು ಬಾಗಿಲಿಗೆ ಬಂದಾಗ ಅವಳು ತಂಬಿಗೆ ನೀರು ಹಿಡಿದು ನಿಂತಿದ್ದಳು. “ತಡೀರಿ ಅಕ್ಕೋರ. ದೇವ್ರು ಬರ್ತಾನಂತ ಮಾಮಾ ಹೇಳ್ಯಾರ. ಕಾಲಿಗೆ ನೀರು ಕೊಡಲಾರದ ಹೆಂಗ ಒಳಗ ಕರಕೊಳ್ಳೂದು?” ಎಂದವಳೇ ನನ್ನ ಚಪ್ಪಲಿ ಬಿಡಿಸಿ, ಕಾಲಿಗೆ ನೀರು ಹಾಕಿ, ಸೆರಗಿನಿಂದ ಒರೆಸಿದಳು. ನಮ್ಮ ಟ್ರೇನಿಂಗಿನಲ್ಲಿ ಇಂಥದ್ದೇನೂ ಹೇಳಿರಲಿಲ್ಲ. ಮಾತಾಡುವಂತಿರಲಿಲ್ಲವಾದ್ದರಿಂದ ಬೇಡವೆನ್ನಲೂ ಆಗಲಿಲ್ಲ. ಆಮೇಲೆ ಪ್ರತಿ ವಾರವೂ ಅದೇ ಕ್ರಮ.

ಒಳಗೆ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೊಂಬತ್ತಿ, ಶಿಲುಬೆ, ಒಂದು ಲೋಟ ನೀರು, ಚಮಚ ಇಟ್ಟಿರುತ್ತಿದ್ದಳು. ಗೋಡೆಗೆ ಒರಗಿ ಕೂತ ಅಜ್ಜ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು: “ಬಂದಾನೇನ್ರಿ?”

“ಬಂದಾನ್ರೀ” ಎನ್ನುತ್ತಿದ್ದೆ. ಮೌನ ಮುರಿಯುತ್ತಿದ್ದದ್ದು ಆ ಒಂದು ಮಾತಿನಿಂದ. ನಂತರ ಪಶ್ಚಾತ್ತಾಪದ ಪ್ರಾರ್ಥನೆ, ಬೈಬಲಿನ ಶುಭಸಂದೇಶದ ಒಂದು ತುಣುಕು, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ. ಕೊನೆಗೆ ಮುಚ್ಚಳ ತೆಗೆದು ಪ್ರಸಾದ ಎತ್ತಿ ತೋರಿಸಿ, “ಕ್ರಿಸ್ತರ ಶರೀರ.” ಅಜ್ಜ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದರು. “ಆಮೆನ್.” ಮೇಲೆ ಒಂದು ಚಮಚ ನೀರು.

ಲೆಂಟ್ ಶುರುವಾದ ಮೇಲೆ, ನಲವತ್ತು ದಿನಗಳ ಉಪವಾಸದ ಕಾಲದಲ್ಲಿ, ಒಂದು ಮಧ್ಯಾಹ್ನ ಪ್ರಸಾದ ಕೊಟ್ಟು ಡಬ್ಬಿ ಒರೆಸುತ್ತಿದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಅಕ್ಕೋರ, ಆರಿದ ಭಟ್ಟಿ ಒಳಗ ಹೊಕ್ಕು ನೋಡೀರೇನು?”

“ಇಲ್ರಿ.”

“ನಾ ಹೊಕ್ಕೀನಿ. ಮಾತಾಡಿದ್ರ ನಮ್ಮ ಮಾತ ನಮಗs ಹೊಳ್ಳಿ ಬರ್ತೈತಿ. ನನ್ನ ಪ್ರೇಯರ್ ಹಂಗಾಗೇತಿ. ಈಗ ಅಲ್ಲ, ಬಾಳ ದಿನಾ ಆತು. ಎಲ್ಲಾರಿಗೂ ನಾನs ಜಪಾ ಹೇಳಿಕೊಡ್ತಿದ್ದೆ, ಯಾರಿಗ್ ಹೇಳ್ಲಿ? ಸತ್ತ ಮ್ಯಾಲ ಹಂಥಾ ಭಟ್ಟ್ಯಾಗ ಹೊಕ್ಕು ಒಬ್ಬನs ಕುಂದ್ರೂದಾದ್ರ? ಒಳಗ ಯಾರೂ ಇಲ್ಲದ್ರ?”

ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವರು ಅಂಗಳಕ್ಕೆ ತಂದು ಸುರಿದ ಹಾಗಾಗಿತ್ತು. “ನಂಬಿಕೆ ಇಡ್ರಿ ಅಜ್ಜಾ, ದೇವರು ಯಾರನ್ನೂ ಬಿಡಂಗಿಲ್ಲ” ಅಂದೆ. ನನ್ನ ದನಿ ನನಗೇ ಧರ್ಮಪಾಠದ ಕ್ಯಾಟೆಕಿಸಂ ಕ್ಲಾಸಿನಲ್ಲಿ ಹುಡುಗಿಯರಿಂದ ಹೇಳಿಸುವ ದನಿಯ ಹಾಗೆ ಕೇಳಿತು. ಅಜ್ಜ ಕೈ ಬಿಟ್ಟರು. “ಹೂನ್ರಿ” ಅಂದರು. ಇನ್ನು ಈ ಮಾತು ಬೇಡ ಎಂಬಂಥ ಹೂಂ.

ಅಂದಿನಿಂದ ಡಬ್ಬಿಯ ಸದ್ದನ್ನು ನನಗೆ ತಡೆಯಲಾಗಲಿಲ್ಲ. ಟಿಕ್ ಎಂದರೆ ಅಜ್ಜನ ಭಟ್ಟಿ ನೆನಪಾಗುತ್ತಿತ್ತು. ಹಳೆಯ ಲಿನನ್ ಬಟ್ಟೆಯಲ್ಲಿ ಎರಡು ದುಂಡನೆಯ ತುಂಡು ಕತ್ತರಿಸಿ, ಅಂಚು ಹೊಲಿದು, ಒಂದನ್ನು ಡಬ್ಬಿಯ ತಳಕ್ಕೂ ಒಂದನ್ನು ಮೇಲಕ್ಕೂ ಹಾಕುವ ಹಾಗೆ ಮಾಡಿದೆ. ಪ್ರಸಾದಕ್ಕೆ ಗೌರವ ಎಂದು ಫಾದರ್‌ಗೆ ಹೇಳಿದೆ. ಚಂದ ಹೊಲಿದೀರಿ ಅಂದರು. ಬಸ್ಸು ಕುಲುಕಿದರೂ ಈಗ ಸದ್ದಿಲ್ಲ. ಭಯ ಕಡಿಮೆಯಾಗಲಿಲ್ಲ, ಮೂಕಾಯಿತು.

ಏಪ್ರಿಲ್ ಬಿಸಿಲಿನಲ್ಲಿ ಆ ದಿನ ಬಂತು. ಊರಲ್ಲಿ ಯಾರದೋ ಅಂತ್ಯಕ್ರಿಯೆ ಇತ್ತು, ಫಾದರ್ ಅವಸರದಲ್ಲಿದ್ದರು. ಸ್ಯಾಕ್ರಿಸ್ಟಿಯ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದು ನನ್ನದು. ಇನ್ನೊಂದು ಹಿಂದಿನ ದಿನ ಬಂದದ್ದು, ನಮ್ಮ ಜೊತೆ ಈ ಸೇವೆಗೆ ಸೇರಿದ ಹೊಸಬರಿಗೆ. ಎರಡೂ ಗೋವಾದ ಒಂದೇ ಅಂಗಡಿಯ ಮಾಲು. ನನ್ನ ಲಿನನ್ ಎಲ್ಲರಿಗೂ ಹಿಡಿಸಿತ್ತಲ್ಲ, ಹೊಸ ಡಬ್ಬಿಗೂ ನಾನೇ ಹೊಲಿದು ಕೊಟ್ಟಿದ್ದೆ. ಫಾದರ್ ಒಂದರಲ್ಲಿ ಪ್ರಸಾದ ಇಟ್ಟು ಮುಚ್ಚಿ, “ಟೀಚರ್, ರೆಡಿ” ಎಂದು ಹೊರಗೆ ಓಡಿದರು. ನಾನು ಪ್ರಸಾದದ ಮುಂದೆ ಮಂಡಿಯೂರಿ ಎದ್ದು, ಒಂದನ್ನು ತೆಗೆದು ಕೊರಳಿಗೆ ಹಾಕಿಕೊಂಡೆ.

ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಕಂಡಕ್ಟರ್ ಜನರನ್ನು ಎಬ್ಬಿಸಿ ಸೀಟು ಕೊಟ್ಟ. ಒಬ್ಬ ಮುದುಕಿ ನನ್ನ ಎದೆಯ ಕಡೆ ಕೈಮುಗಿದಳು. ಬಾಗಿಲಲ್ಲಿ ಸೊಸೆ ಕಾಲಿಗೆ ನೀರು ಹಾಕಿ, “ಇವತ್ತ ಮಾಮಾಗ ದಮ್ಮು ಬಾಳ ಐತ್ರಿ, ಲಗೂನ ಮುಗಸ್ರಿ” ಎಂದು ಪಿಸುಗುಟ್ಟಿ, ರೊಟ್ಟಿ ಬಡಿಯಲು ಒಳಗೆ ಹೋದಳು.

“ಬಂದಾನೇನ್ರಿ?”

“ಬಂದಾನ್ರೀ.”

ಪ್ರಾರ್ಥನೆಗಳಾದವು. ಮುಚ್ಚಳ ತೆಗೆದೆ. ಮೇಲಿನ ಲಿನನ್ ಎತ್ತಿದೆ. ಕೆಳಗೆ ಲಿನನ್. ಅದಕ್ಕೆ ಅಂಟಿರಬಹುದೇ ಎಂದು ಅದನ್ನೂ ಎತ್ತಿದೆ. ಅದರ ಕೆಳಗೆ ಚಿನ್ನದ ಬಣ್ಣದ ತಳ. ಅದರಲ್ಲಿ ನನ್ನದೇ ಮುಖ, ಚಿಕ್ಕದಾಗಿ, ಡೊಂಕಾಗಿ.

ಅಜ್ಜ ಕಣ್ಣು ಮುಚ್ಚಿ ಬಾಯಿ ತೆರೆದು ಕಾಯುತ್ತಿದ್ದರು. ಬೂದು ಬಣ್ಣಕ್ಕೆ ತಿರುಗಿದ ನಾಲಿಗೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಒಂದು ಕ್ಷಣ ಕೆಟ್ಟ ಯೋಚನೆ ಬಂತು. ‘ಕ್ರಿಸ್ತರ ಶರೀರ’ ಎಂದು ಬೆರಳ ತುದಿ ನಾಲಿಗೆಗೆ ಮುಟ್ಟಿಸಿ, ಚಮಚ ನೀರು ಹಾಕಿದರೆ? ಇಷ್ಟು ದಮ್ಮಿನಲ್ಲಿ ಅವರಿಗೆ ತಿಳಿಯಲಿಕ್ಕಿಲ್ಲ. ಆದರೆ ನನ್ನನ್ನು ಹೆದರಿಸಿದ್ದು ಅದಲ್ಲ. ಚರ್ಚಿನಿಂದ ಇಲ್ಲಿಯ ತನಕ ಖಾಲಿ ಡಬ್ಬಿ ಹೊತ್ತು ಬಂದಿದ್ದೆ, ಮತ್ತು ತುಂಬಿದ ಡಬ್ಬಿ ಹೊತ್ತ ದಿನಕ್ಕೂ ಇವತ್ತಿಗೂ ನನ್ನೊಳಗೆ ಕೂದಲೆಳೆಯಷ್ಟೂ ವ್ಯತ್ಯಾಸ ಆಗಿರಲಿಲ್ಲ.

“ಅಜ್ಜಾ, ಬಾಯಿ ಮುಚ್ಚ್ರಿ” ಅಂದೆ. “ಡಬ್ಬಿ ಖಾಲಿ ಐತಿ.”

ಅವರು ಕಣ್ಣು ಬಿಟ್ಟರು. “ದಾರ್ಯಾಗ ಬಿತ್ತೇನ್ರಿ?”

“ಇಲ್ಲ. ತಂದೇ ಇಲ್ಲ. ಬ್ಯಾರೇ ಡಬ್ಬಿ ಹಾಕ್ಕೊಂಡು ಬಂದೀನಿ.”

ಅಜ್ಜ ಡಬ್ಬಿ ಈಸಿಕೊಂಡು, ಹಂಚು ಬಡಿದು ನೋಡಿದ ಕೈಯಲ್ಲವೇ, ಬೆರಳ ಗೆಣ್ಣಿನಿಂದ ಅದರ ತಳಕ್ಕೆ ಬಡಿದರು. ಕಿಣ್ ಎಂದಿತು. “ಇಷ್ಟ ದೂರ ಬರೂತನಾ ಗೊತ್ತಾಗ್ಲಿಲ್ಲೇನ್ರಿ ನಿಮಗ?”

“ಗೊತ್ತಾಗ್ಲಿಲ್ಲ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. “ಯಾವತ್ತೂ ಗೊತ್ತಾಗಂಗಿಲ್ರಿ ಅಜ್ಜಾ. ಬಾಳ ದಿನಾ ಆತು. ನಿಮ್ಮ ಭಟ್ಟಿ ನನ್ನೊಳಗೂ ಐತಿ.”

“ಮತ್ತ ವಾರಾ ವಾರಾ ಬಂದಾನ, ಬಂದಾನ ಅಂತಿದ್ರಿ?”

“ಹಾಂಗ ಅನ್ನಬೇಕಂತ ಅಂತಿದ್ದೆ.”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಉಸಿರು ಸಿಳ್ಳೆ ಹಾಕುತ್ತಿತ್ತು. ಆ ಹೊತ್ತಿನ ಭಯವನ್ನು ಹೇಗೆ ಬರೆಯಬೇಕೋ ತಿಳಿಯದು. ಮುಳುಗುತ್ತಿದ್ದವರು ಹಿಡಿದುಕೊಂಡಿದ್ದ ಹಲಗೆಯನ್ನು ನಾನೇ ಎಳೆದುಕೊಂಡಿದ್ದೆ. ಈಗ ಇವರು ಹೀಗೇ ಸತ್ತರೆ, ಗೋಡೆ ನೋಡುತ್ತ, ಯಾರೂ ಇಲ್ಲ ಎಂದುಕೊಂಡು ಸತ್ತರೆ? ಮೊಂಬತ್ತಿ ಆರಿಸಬೇಕೋ ಬೇಡವೋ ಎಂಬುದೂ ಹೊಳೆಯಲಿಲ್ಲ.

ಅಜ್ಜ ಗೋಡೆಗೇ ಕೇಳಿದರು: “ಏನೂ ಇಲ್ಲ ಅಂದ್ಮ್ಯಾಲೆ ಮತ್ಯಾಕ ಬರ್ತೀರಿ, ಈ ಬಿಸಲಾಗ?”

“ನೀವು ಬಾಯಿ ತಕ್ಕೊಂಡು ಕಾಯ್ಕೋತ ಕುಂತಿರ್ತೀರಲ್ರಿ, ಅದಕ್ಕ” ಅಂದೆ.

ಅಜ್ಜ ತಿರುಗಿ ನನ್ನನ್ನು ನೋಡಿದರು. “ನಾ ಯಾಕ ಬಾಯಿ ತಗೀತೀನಿ ಗೊತ್ತೈತೇನು? ಪಾಪ, ಅಕ್ಕೋರು ಬಸ್ಸ ಹಿಡಿದು ಇಷ್ಟ ದೂರ ಬರ್ತಾರ, ಒಲ್ಲೆ ಅಂತ ಹೆಂಗ ಅನ್ನೂದು ಅಂತ!”

ಹಿಟ್ಟಿನ ಕೈಯಲ್ಲೇ ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ಅಲ್ರಿ, ಹಂಗಾರ ಇವತ್ತ ನಾ ಯಾರ ಕಾಲಿಗೆ ನೀರ ಹಾಕಿದ್ನಿ?”

“ನನ್ನ ಕಾಲಿಗೆ” ಅಂದೆ.

“ಇರಲಿ ಬಿಡ್ರಿ, ನೀರೇನ ದಂಡ ಆಗ್ಲಿಲ್ಲ. ಧೂಳ ಬಾಳ ಇತ್ತು.”

ಅಜ್ಜ ನಗಲು ಹೋದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮುಖ ನೀಲಿಯಾಯಿತು. ಸೊಸೆ ಬೆನ್ನು ನೀವಿದಳು, ನಾನು ಎದೆಗೆ ದಿಂಬು ಒತ್ತಿ ಹಿಡಿದೆ. ಈಗಲೇ, ಖಾಲಿ ಡಬ್ಬಿಯ ಮುಂದೆಯೇ ಹೋಗಿಬಿಡುತ್ತಾರೆ ಎಂದುಕೊಂಡೆ. ಆ ಹೊತ್ತಿನಲ್ಲಿ ನಾನು ದೇವರನ್ನು ಕೂಗಿದೆನೇ ಎಂದು ಆಮೇಲೆ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ನೆನಪಿಲ್ಲ. ಕೆಮ್ಮು ನಿಧಾನಕ್ಕೆ ಇಳಿಯಿತು. ಅಜ್ಜ ಕಣ್ಣೊರೆಸಿಕೊಂಡು ಕೇಳಿದರು:

“ನಿಮಗೂ ಹೆದರಿಕಿ ಐತೇನ್ರಿ?”

“ಐತ್ರಿ.”

“ಆತು. ನಾ ಒಬ್ಬಾಂವs ಅಂತ ತಿಳಿದಿದ್ದೆ.”

ಹೊರಗೆ ಬಂದು ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಇನ್ನೊಂದು ಚಿಂತೆ ಆಗಲೇ ಕೊರೆಯುತ್ತಿತ್ತು. ತುಂಬಿದ ಡಬ್ಬಿ ಮೇಜಿನ ಮೇಲೆ ಕಾಯುವವರಿಲ್ಲದೆ ಬಿದ್ದಿತ್ತು. ಯಾರಾದರೂ ತೆರೆದು, ರೊಟ್ಟಿಯೆಂದು ಎಸೆದಿದ್ದರೆ? ಫಾದರ್ ಫೋನ್ ಎತ್ತಿಕೊಂಡು ನನ್ನ ಮಾತು ಪೂರ್ತಿ ಕೇಳಿದರು. ಮಣ್ಣು ಮಾಡಿ ಬಂದ ಅವರೇ ಡಬ್ಬಿ ನೋಡಿ, ತೆರೆದು, ಪ್ರಸಾದವನ್ನು ಚರ್ಚಿನಲ್ಲಿ ಅದನ್ನು ಕಾದಿಡುವ ಪೆಟ್ಟಿಗೆಯೊಳಗೆ ಸೇರಿಸಿಟ್ಟಿದ್ದರು. ಫೋನ್ ಇಟ್ಟು ಬೂತಿನ ಸ್ಟೂಲಿನ ಮೇಲೆ ಕೂತೆ.

ವಾಪಸು ಹೋಗುವ ದಾರಿಯಲ್ಲಿ ಒಂದು ನಿಶ್ಚಯ ಮಾಡಿಕೊಂಡೆ. ಈ ಕೆಲಸ ಬಿಟ್ಟುಬಿಡಬೇಕು. ಫೀಲಿಂಗ್ ಇದ್ದವರು, ನಂಬಿಕೆ ಗಟ್ಟಿ ಇದ್ದವರು ಹೋಗಲಿ. ಸಂಜೆ ಫಾದರ್‌ಗೆ ಎಲ್ಲ ಹೇಳಿದೆ, ಡಬ್ಬಿಯ ಕಥೆಯನ್ನೂ ಒಳಗಿನ ಕಥೆಯನ್ನೂ. ನನಗೆ ಮಗನಾಗುವ ವಯಸ್ಸಿನ ಹುಡುಗ ಅವರು. ಬುದ್ಧಿಮಾತು ಹೇಳುತ್ತಾರೆ, ಕೇಳಬೇಕು ಎಂದು ತಲೆ ತಗ್ಗಿಸಿ ಕೂತೆ. ಅವರು ಹೇಳಲಿಲ್ಲ. ಸುಮ್ಮನೆ ಕೇಳಿದರು: “ಅವರಿಗೆ ಇವತ್ತಿಂದು ತಪ್ಪಿತಲ್ಲ, ಟೀಚರ್. ನಾಳೆ ಯಾರಾದ್ರೂ ಹೋಗಬೇಕು. ನಾ ಹೋಗಲೋ, ನೀವು ಹೋಗ್ತೀರೋ?”

ನಾಳೆಯ ಪ್ರಶ್ನೆ ಅದು. ನಂಬಿಕೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ನಾಳೆಯ ಪ್ರಶ್ನೆಗೆ ಇತ್ತು. ಫಾದರ್ ಹೋದರೆ ಅಜ್ಜ ಮತ್ತೆ ಹೂನ್ರಿ ಎನ್ನುತ್ತಾರೆ, ಬಾಯಿ ತೆರೆಯುತ್ತಾರೆ, ಗೋಡೆಯ ಕಡೆ ತಿರುಗುತ್ತಾರೆ. ಅವರ ಭಟ್ಟಿಯೊಳಗೆ ಹೊಕ್ಕು ನೋಡಿದವಳು ನಾನೊಬ್ಬಳೇ. “ನಾನೇ ಹೋಗ್ತೀನಿ” ಅಂದೆ. ಮನೆಗೆ ಹೋಗಿ ಮೊದಲು ಲಿನನ್ ತುಂಡುಗಳನ್ನು ತೆಗೆದುಹಾಕಿದೆ.

ಮರುದಿನ ಉದ್ಯಮಬಾಗ ದಾಟುತ್ತಲೇ ಟಿಕ್ ಎಂದಿತು. ಭಯ ಮತ್ತೆ ಬಂತು, ಮೊದಲಿನಷ್ಟೇ. ಆದರೆ ಈ ಸಲ ಸದ್ದಿಗೆ ಕಿವಿ ಕೊಟ್ಟು ಕೂತೆ. ನಿಂತರೆ ಎದೆ ಝಲ್ಲೆನ್ನುತ್ತಿತ್ತು. ಮತ್ತೆ ಟಿಕ್ ಎಂದರೆ ಉಸಿರು ಬಿಡುತ್ತಿದ್ದೆ.

“ಬಂದಾನೇನ್ರಿ?” ಅಜ್ಜ ಕೇಳಿದರು.

“ಇವತ್ತ ತಗದು ನೋಡs ತಂದೀನ್ರಿ” ಅಂದೆ. ಅವರ ಮುಖದ ಸುಕ್ಕುಗಳೆಲ್ಲ ಒಮ್ಮೆ ಅಲುಗಿದವು.

ಆಮೇಲಿನ ವಾರಗಳಲ್ಲಿ ಆ ಪ್ರಶ್ನೆ ಬದಲಾಯಿತು. ಜ್ವರ ಕೇಳುವ ಹಾಗೆ, “ಇವತ್ತ ಹೆಂಗೈತ್ರಿ?” ಎನ್ನುತ್ತಿದ್ದರು. “ಒಣಾ” ಅನ್ನುತ್ತಿದ್ದೆ. “ನಂದೂ ಹಂಗs” ಎನ್ನುತ್ತಿದ್ದರು. ನಂತರ ಇಬ್ಬರೂ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಶುರು ಮಾಡುತ್ತಿದ್ದೆವು. ಹೆಚ್ಚೇನೂ ಅಲ್ಲ. ಬೀಗ ಬಿದ್ದ ಕೋಣೆಯ ಮುಂದೆ ಹೋಗಿ ಕೂರುವುದು, ಆದರೆ ಈಗ ಇಬ್ಬರು. ಸೊಸೆ ಮಾತ್ರ ನೀರು ಹಾಕುವ ಮೊದಲು ನನ್ನ ಎದೆಯ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸುತ್ತಿದ್ದಳು, ಖರೇ ಐತೋ ಇಲ್ಲೋ ಎಂದು. ನಾನು ಡಬ್ಬಿ ತುಸು ವಾಲಿಸಿ ಸದ್ದು ಕೇಳಿಸಿದರೆ ತಂಬಿಗೆ ಬಗ್ಗಿಸುತ್ತಿದ್ದಳು.

ಜೂನ್ ತಿಂಗಳು, ಮಳೆ ಹಿಡಿದಿತ್ತು. ನಾನು ಹೋದಾಗ ಅಜ್ಜ ಮಲಗಿದ್ದರು, ಒರಗಿ ಕೂರಲೂ ಆಗುತ್ತಿರಲಿಲ್ಲ. ರಾತ್ರಿಯಿಂದ ಗುಟುಕು ನೀರೂ ಇಳಿದಿಲ್ಲ ಎಂದು ಸೊಸೆ ಹೇಳಿದಳು. ಪ್ರಾರ್ಥನೆ ಸಣ್ಣದಾಗಿ ಮುಗಿಸಿದೆ. ಪ್ರಸಾದದಿಂದ ಅಕ್ಕಿಕಾಳಿನಷ್ಟು ಮುರಿದು, ಚಮಚದ ನೀರಿನಲ್ಲಿಟ್ಟು ಕೊಡಬಹುದು. ನಿಯಮದಲ್ಲಿ ಅವಕಾಶ ಇದೆ. ಮೊದಲು ಬರೀ ನೀರಿನಿಂದ ನೋಡಿದೆ. ನೀರು ಕಟಬಾಯಿಯಿಂದ ಹೊರಗೆ ಹರಿಯಿತು. ಮತ್ತೊಮ್ಮೆ ನೋಡಿದೆ. ಮತ್ತೆ ಹರಿಯಿತು. ನುಂಗಲಾಗದವರಿಗೆ ಕೊಡುವಂತಿಲ್ಲ.

“ಅಜ್ಜಾ, ಇವತ್ತ ಕೊಡಾಕ ಬರಂಗಿಲ್ರಿ” ಅಂದೆ.

ಅವರ ಕಣ್ಣು ಅಗಲವಾದವು. ಅದೇ ಹಳೆಯ ಭಯ ಅದರಲ್ಲಿ ಬಂದು ನಿಂತದ್ದನ್ನು ಕಂಡೆ. ನಾನು ಪ್ರಸಾದವನ್ನು ಡಬ್ಬಿಯಲ್ಲಿಟ್ಟು ಎತ್ತಿ ತೋರಿಸಿದೆ. ಮುಚ್ಚಳ ಹಾಕಿ, ಅವರ ಕಿವಿಯ ಹತ್ತಿರ ಒಯ್ದು, ಮೆಲ್ಲಗೆ ವಾಲಿಸಿದೆ. ಟಿಕ್. ಕಣ್ಣು ಮುಚ್ಚಿದರು. ಇನ್ನೊಮ್ಮೆ ಎಂಬಂತೆ ಬೆರಳೆತ್ತಿದರು. ಇನ್ನೊಮ್ಮೆ ವಾಲಿಸಿದೆ.

ಮುಚ್ಚಳ ಬಿದ್ದಿತ್ತು. ಇನ್ನು ಬೆಳಗಾವಿ ತಲುಪುವ ತನಕ ನನಗೆ ಮಾತಿರಲಿಲ್ಲ. ಅಂದಿನ ತನಕ ಆ ಮನೆಯಿಂದ ಯಾವತ್ತೂ ತುಂಬಿದ ಡಬ್ಬಿ ಹೊತ್ತು ಹೊರಗೆ ಬಂದವಳಲ್ಲ. ಹೊಸ್ತಿಲಲ್ಲಿ ಸೊಸೆ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. “ಬರೂವಾಗ ನೀರ ಹಾಕಿದ್ನಿ. ಹೊಳ್ಳಿ ಹೊಂಟ್ರ ಏನ ಮಾಡ್ಬೇಕ್ರಿ ಅಕ್ಕೋರ?” ಎಂದಳು. ನಾನು ಅವಳ ಕೆನ್ನೆ ಮುಟ್ಟಿದೆ.

ಹಿಂದಿನಿಂದ ಅಜ್ಜನ ದನಿ ಬಂತು, ಉಸಿರಿಗಿಂತ ತುಸು ದೊಡ್ಡದು. “ಅಕ್ಕೋರ… ಬರ್ತೀರಲ್ಲ?”

ತಿರುಗಿ ನೋಡಿದೆ. ದಿಂಬಿನ ಮೇಲೆ ಮುಖ ಈ ಕಡೆ ಮಾಡಿದ್ದರು. ಉಸಿರಿಗಾಗಿಯೋ ಅಭ್ಯಾಸದಿಂದಲೋ ಬಾಯಿ ತೆರೆದಿತ್ತು. ಒಂದು ಕೈಯನ್ನು ಹೇಗೋ ಎತ್ತಿ ಕಿವಿಯ ಹಿಂದೆ ಹಿಡಿದಿದ್ದರು. ನಾನು ಡಬ್ಬಿಯನ್ನು ಎದೆಯಿಂದ ತೆಗೆದು ಅವರಿಗೆ ಕೇಳುವ ಹಾಗೆ ಅಲ್ಲಾಡಿಸಿದೆ.

“ಆತು” ಅಂದರು.